ಸಲೈನ್ ಇಂಪ್ಲಾಂಟ್ ಆರಿಸುವ ಮುನ್ನ: ಒಬ್ಬ ಬ್ಲೌಸ್ ಟೈಲರ್ ಹೇಳುವುದು

2023ರ ಆಷಾಢದ ಒಂದು ಸೋಮವಾರ ಕನ್ನಡಿ ಮುಂದೆ ನಿಂತು ಹುಕ್ಸು ಹಾಕಿಕೊಳ್ಳುತ್ತಿದ್ದೆ. ಎಡಗಡೆ ಕಪ್ಪು ಸಡಿಲ ಅನ್ನಿಸಿತು. ಹಿಂದಿನ ದಿನವಷ್ಟೇ ಅದೇ ಅಳತೆಯ ಬ್ಲೌಸು ಸರಿಯಾಗಿ ಕೂತಿತ್ತು. ಮೂವತ್ತು ವರ್ಷ ಬ್ಲೌಸು ಹೊಲಿದ ಕೈ ಇದು, ತಪ್ಪು ಬಟ್ಟೆಯದೋ ಮೈಯದೋ ಗೊತ್ತಾಗದೆ ಇರುತ್ತದೆಯೇ? ಟೇಪು ಹಿಡಿದು ಅಳೆದೆ. ಬುಧವಾರದ ಹೊತ್ತಿಗೆ ಚರ್ಮದಡಿ ಖಾಲಿ ಚೀಲದ ಅಂಚು ಬೆರಳಿಗೆ ಸಿಗುತ್ತಿತ್ತು. ಕ್ಯಾನ್ಸರಿನಿಂದ ಎಡ ಸ್ತನ ತೆಗೆಸಿಕೊಂಡ ಮೇಲೆ 2016ರಲ್ಲಿ ಹಾಕಿಸಿಕೊಂಡಿದ್ದ ಸಲೈನ್ ಇಂಪ್ಲಾಂಟು, ಅಂದರೆ ಸ್ತನದ ಜಾಗದಲ್ಲಿ ಒಳಗಿಡುವ ಉಪ್ಪುನೀರಿನ ಚೀಲ, ಏಳನೇ ವರ್ಷಕ್ಕೆ ಸೋರಿತ್ತು.

ಬೆಂಗಳೂರಿನ ಡಾಕ್ಟರಿಗೆ ಫೋನು ಮಾಡಿ ಮೊದಲು ಕೇಳಿದ್ದು, "ಒಳಗಿನ ನೀರು ಎಲ್ಲಿಗೆ ಹೋಯ್ತು ಡಾಕ್ಟ್ರೇ?" ಅಂತ. "ಡ್ರಿಪ್ ಬಾಟಲಿ ನೀರೇ ಅಲ್ವೇನಮ್ಮ ಅದು, ಮೈ ಹೀರ್ಕೊಂಡು ಮೂತ್ರದಲ್ಲಿ ಹೋಗುತ್ತೆ. ಗಾಬರಿ ಬೇಡ. ಹಾಗಂತ ದೀಪಾವಳಿವರೆಗೆ ಕಾಯಬೇಡಿ, ಒಳಗಿನ ಜಾಗ ಕುಗ್ಗಿಬಿಡುತ್ತೆ" ಅಂದರು. ಮೂರು ವಾರದಲ್ಲಿ ಬದಲಾಯಿಸಿಕೊಂಡು ಬಂದೆ.

ದಾವಣಗೆರೆಯ ನನ್ನ ಅಂಗಡಿಗೆ ಈ ವಿಷಯ ಕೇಳುವ ಹೆಂಗಸರು ಎರಡು ಥರ ಬರುತ್ತಾರೆ. ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡವರು ಮಧ್ಯಾಹ್ನ ಜನ ಇಲ್ಲದ ಹೊತ್ತು ನೋಡಿ ಬಂದು, "ಅಕ್ಕಾ, ನಿಮಗೂ ಆಗಿತ್ತಂತಲ್ಲ" ಅಂತ ಶುರು ಮಾಡುತ್ತಾರೆ. ಇನ್ನು ಕೆಲವರು ಮದುವೆ ಬ್ಲೌಸಿಗೆ ಅಳತೆ ಕೊಡುವಾಗ, ತಾಯಿ ಆಚೆ ಲೇಸು ನೋಡುತ್ತಿರುವಾಗ, "ಆಂಟಿ, ದೊಡ್ಡದು ಮಾಡಿಸ್ಕೋಬಹುದಂತೆ, ಹೌದಾ?" ಅಂತ ಪಿಸುಗುಟ್ಟುವ ಹುಡುಗಿಯರು. ನಾನು ಡಾಕ್ಟರಲ್ಲ. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದನ್ನು ಮೈಮೇಲೆ ಕಲಿತಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತೇನೆ.

ಬಟ್ಟೆ ಕೊಳ್ಳುವಾಗ ಹೊಸದರ ಅಂದ ನೋಡಿ ನಾನು ಕೊಳ್ಳುವುದಿಲ್ಲ. ಇದು ಹೋದರೆ ಎಲ್ಲಿಂದ ಹೋಗುತ್ತದೆ, ಬಣ್ಣವೋ, ನೇಯ್ಗೆಯೋ, ಹೊಲಿಗೆಯೋ ಅಂತ ನೋಡುತ್ತೇನೆ. ಇಂಪ್ಲಾಂಟಿಗೂ ಅದೇ ಪ್ರಶ್ನೆ. ಹಾಕಿಸಿಕೊಂಡ ಹೊಸದರಲ್ಲಿ ಎಲ್ಲವೂ ಚೆಂದ. ಕೆಟ್ಟಾಗ ಹೇಗೆ ಕೆಡುತ್ತದೆ, ನನಗೆ ಗೊತ್ತಾಗುತ್ತದೋ ಇಲ್ಲವೋ, ಆಮೇಲೆ ಏನು ಮಾಡಬೇಕು, ಇದನ್ನು ಕೇಳಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸುತ್ತೇನೆ. "ನನಗೆ ಸಿಲಿಕೋನ್ ಬೇಡ, ಸಲೈನ್ ಸಾಕು" ಅನ್ನುವವರಿಗೆ ಗೊತ್ತಿರಲಿ, ಎರಡರ ಹೊರಚೀಲವೂ ಸಿಲಿಕೋನ್ ರಬ್ಬರಿನದೇ. ವ್ಯತ್ಯಾಸ ಒಳಗೆ ತುಂಬಿರುವುದರಲ್ಲಿ. ಒಂದರಲ್ಲಿ ಸಿಲಿಕೋನ್ ಜೆಲ್, ಇನ್ನೊಂದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವ ಶುದ್ಧ ನೀರು. ಜೆಲ್ಲಿನದು ಕಂಪನಿಯಲ್ಲೇ ತುಂಬಿ ಬರುತ್ತದೆ. ಸಲೈನ್ ಚೀಲವನ್ನು ಖಾಲಿಯಾಗಿಯೇ ಸುರುಳಿ ಸುತ್ತಿ ಒಳಗೆ ಸೇರಿಸಿ, ಆಮೇಲೆ ಸಣ್ಣ ನಳಿಕೆಯಿಂದ, ಗಾಳಿ ತಾಗದಂತೆ, ನೀರು ತುಂಬುತ್ತಾರೆ. ನಳಿಕೆ ಎಳೆದರೆ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕೊಯ್ತ ಚಿಕ್ಕದು. ಎರಡೂ ಕಡೆ ಸಮ ಕಾಣದಿದ್ದರೆ ಟೇಬಲ್ ಮೇಲೆಯೇ ಹತ್ತಿಪ್ಪತ್ತು ಎಂಎಲ್ ಹೆಚ್ಚು ಕಡಿಮೆ ಮಾಡಬಹುದು. ಮೈಮೇಲೆ ಹಾಕಿಸಿ ಟಕ್ಸು ಹಿಡಿದಂತೆ ಇದು.

ಜೆಲ್ಲಿನದನ್ನು ಮೊದಲ ಬಾರಿ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಸಲೈನ್ ಬಂದದ್ದು ಅದರ ಹಿಂದೆಯೇ, ಫ್ರಾನ್ಸಿನಿಂದ. 1992ರಲ್ಲಿ ಅಮೆರಿಕದಲ್ಲಿ ಇಂಥ ವಸ್ತುಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಜೆಲ್ಲಿನ ಮೇಲೆ ನಿರ್ಬಂಧ ಹಾಕಿತು, 2006ರಲ್ಲಿ ಮತ್ತೆ ಬಿಟ್ಟಿತು. ನಡುವಿನ ಆ ವರ್ಷಗಳಲ್ಲಿ ಅಲ್ಲಿ ಅಂದಕ್ಕಾಗಿ ಮಾಡಿಸಿಕೊಳ್ಳುವವರಿಗೆ ಸಲೈನೇ ಗತಿಯಾಗಿತ್ತು. ನಮ್ಮಲ್ಲಿ ಈಗ ಡಾಕ್ಟರುಗಳು ಹೆಚ್ಚಾಗಿ ತೋರಿಸುವುದು ಜೆಲ್ಲನ್ನೇ. ಸಲೈನ್ ಬೇಕು ಅಂದರೆ ಬಾಯಿಬಿಟ್ಟು ಕೇಳಬೇಕು, ತರಿಸಲು ಕೆಲವು ದಿನ ಕಾಯಲೂ ಬೇಕಾಗಬಹುದು. ನನ್ನ ಡಾಕ್ಟರು, "ಮುಟ್ಟಿದ್ರೆ ಜೆಲ್ಲೇ ನಿಜದ ಥರ ಇರುತ್ತಮ್ಮ" ಅಂದರು. ನಿಜ. ಎರಡನ್ನೂ ಅಂಗೈಲಿಟ್ಟು ಒತ್ತಿ ನೋಡಿ ಅಂತ ಕೊಟ್ಟರು. ಜೆಲ್ಲು ಮಿದ್ದ ಹಿಟ್ಟು, ಸಲೈನು ತುಂಬಿದ ನಂದಿನಿ ಪ್ಯಾಕೆಟ್ಟು. ನೀವೂ ಸ್ಯಾಂಪಲ್ ಕೇಳಿ, ನಾಚಿಕೆ ಬೇಡ.

ಕೆಡುವ ವಿಷಯಕ್ಕೆ ಬರೋಣ. ಸಲೈನು ಒಡೆದರೆ ಒಂದೆರಡು ದಿನದಲ್ಲೋ ವಾರದಲ್ಲೋ ಚಪ್ಪಟೆಯಾಗುತ್ತದೆ, ಕುರುಡರಿಗೂ ತಿಳಿಯುತ್ತದೆ. ಜೆಲ್ಲು ಒಡೆದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆಕಾರ ಹಾಗೆಯೇ, ನೋವೂ ಇಲ್ಲ, ಒಳಗೆ ಮಾತ್ರ ಚೀಲ ಹರಿದಿರುತ್ತದೆ. ಅದಕ್ಕೇ ಎಫ್‌ಡಿಎ ಹೇಳುವುದು, ಜೆಲ್ಲಿನವರು ಹಾಕಿಸಿಕೊಂಡ ಐದಾರು ವರ್ಷಕ್ಕೆ ಶುರು ಮಾಡಿ, ಆಮೇಲೆ ಎರಡು ಮೂರು ವರ್ಷಕ್ಕೊಂದು ಸಲ ಅಲ್ಟ್ರಾಸೌಂಡೋ ಎಂಆರ್‌ಐಯೋ ಮಾಡಿಸಬೇಕು ಅಂತ, ಏನೂ ತೊಂದರೆ ಇಲ್ಲದಿದ್ದರೂ. ನನಗೆ ಮೈ ಚೆನ್ನಾಗಿದ್ದಾಗ ಆಸ್ಪತ್ರೆ ಮೆಟ್ಟಿಲು ಹತ್ತುವ ಅಭ್ಯಾಸ ಇಲ್ಲ. ಈ ಕಾರಣಕ್ಕೆ ಸಲೈನ್ ಆರಿಸಿದೆ. ನೀವು ತಪ್ಪದೆ ಸ್ಕ್ಯಾನ್ ಮಾಡಿಸುವ ಶಿಸ್ತಿನವರಾದರೆ ನಿಮ್ಮ ಲೆಕ್ಕ ಬೇರೆ.

ಯಾವುದೇ ಆಗಲಿ, ಜೀವಮಾನಕ್ಕೆ ಬರುವ ವಸ್ತುವಲ್ಲ. ವರ್ಷ ಕಳೆದಷ್ಟೂ ಮತ್ತೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚುತ್ತದೆ. ಇದನ್ನು ಹೇಳದ ಡಾಕ್ಟರಿಂದ ಎದ್ದು ಬನ್ನಿ.

ನನ್ನದು ಎಲ್ಲಿ ಹೋಗಿತ್ತು ಗೊತ್ತೇ? ತೆಗೆದ ಚೀಲ ತೋರಿಸಿ ಅಂತ ಹಟ ಹಿಡಿದೆ. ತೊಳೆದು ಟ್ರೇನಲ್ಲಿಟ್ಟು ತಂದರು. ಮೇಲಂಚಿನಲ್ಲಿ ಒಂದು ಗೆರೆ, ಆ ಗೆರೆಯ ಮೇಲೆ ಕೂದಲೆಳೆಯಷ್ಟು ಸೀಳು. ನೋಡಿದ್ದೇ ನನಗೆ ಅರ್ಥವಾಯಿತು. ಟ್ರಂಕಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಸೀರೆ ಎಲ್ಲಿ ಸೀಳುತ್ತದೆ? ಮಡಿಕೆಯಲ್ಲೇ. ಅದಕ್ಕೇ ನಮ್ಮಮ್ಮ ಆಗಾಗ ಮಡಿಕೆ ಬದಲಿಸಿ ಇಡುತ್ತಿದ್ದರು. ಚೀಲಕ್ಕೆ ನೀರು ಕಡಿಮೆ ತುಂಬಿದರೆ ಸುಕ್ಕು ಬೀಳುತ್ತದೆ, ಕೈ ಎತ್ತಿ ಇಳಿಸಿದಾಗಲೆಲ್ಲ ಅದೇ ಸುಕ್ಕು ಮಡಿಯುತ್ತದೆ, ಕೊನೆಗೆ ಅಲ್ಲೇ ಬಿಡುತ್ತದೆ. ವಾಲ್ವಿನಿಂದ ಸೋರುವುದೂ ಉಂಟು. ಮಿತಿ ಮೀರಿ ತುಂಬಿದರೆ ಅಂಚು ಅಲೆಅಲೆಯಾಗಿ ಚೆಂಡಿನಂತೆ ಗಟ್ಟಿಯಾಗುತ್ತದೆ. ಪ್ರತಿ ಚೀಲಕ್ಕೂ ಇಷ್ಟರಿಂದ ಇಷ್ಟರವರೆಗೆ ತುಂಬಬಹುದು ಅಂತ ಕಂಪನಿ ಬರೆದಿರುತ್ತದೆ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ನನಗೆ ಎಷ್ಟು ತುಂಬುತ್ತೀರಿ, ಈ ಮೂರನ್ನು ಕೇಳಿ ಬರೆದುಕೊಳ್ಳಿ. ನನ್ನ ಮೊದಲನೆಯದು 300 ಸಿಸಿಯ ಚೀಲ (ಸಿಸಿ ಅಂದರೂ ಎಂಎಲ್ ಅಂದರೂ ಒಂದೇ), ತುಂಬಿದ್ದು ಸರಿಯಾಗಿ 300. ಎರಡನೆಯದಕ್ಕೆ, ಕಂಪನಿಯ ಮಿತಿಯೊಳಗೇ, 320 ಹಾಕಿಸಿಕೊಂಡೆ.

ಸಲೈನಿನಲ್ಲೇ ಬಗೆಗಳಿವೆ. ಸಾಮಾನ್ಯವಾದದ್ದು ಟೇಬಲ್ ಮೇಲೆ ಒಮ್ಮೆ ತುಂಬಿ ಮುಚ್ಚುವುದು. ಇನ್ನೊಂದರಲ್ಲಿ ಚರ್ಮದಡಿ ನೀರು ತುಂಬಲು ಬಟನ್ನಿನಂಥ ಒಂದು ಗುಂಡಿ ಬಿಟ್ಟು, ಆಪರೇಷನ್ ಆದ ಮೇಲೂ ಕೆಲವು ತಿಂಗಳು ಸೂಜಿಯಿಂದ ನೀರು ಹೆಚ್ಚು ಕಡಿಮೆ ಮಾಡಿ, ಕೊನೆಗೆ ಗುಂಡಿ ತೆಗೆಯುತ್ತಾರೆ. ಹೊರಪದರದಲ್ಲಿ ಜೆಲ್ಲು, ಒಳಪದರದಲ್ಲಿ ನೀರು ಇರುವ ಜೋಡಿ ಚೀಲವೂ ಉಂಟು. ನೀರು ಕುಲುಕಾಡದಂತೆ ಒಳಗೆ ಪದರಗಳಿರುವ ಒಂದನ್ನು ಅಮೆರಿಕ 2014ರಲ್ಲಿ ಒಪ್ಪಿತು. ನಿಮ್ಮ ಡಾಕ್ಟರ ಹತ್ತಿರ ಇವೆಲ್ಲ ಸಿಗುತ್ತವೆ ಅಂದುಕೊಳ್ಳಬೇಡಿ. ಸಿಗುವುದು ಯಾವುದು ಅಂತ ಮೊದಲೇ ಕೇಳಿಕೊಂಡರೆ ಆಸೆಪಡುವುದು ತಪ್ಪುತ್ತದೆ.

ಅಳತೆಯ ವಿಷಯದಲ್ಲಿ ಹೆಂಗಸರು ಮಾಡುವ ತಪ್ಪು ನನಗೆ ಚೆನ್ನಾಗಿ ಗೊತ್ತು. "ಮೂವತ್ತಾರು ಕಪ್ಪಿಗೆ ಎಷ್ಟು ಸಿಸಿ?" ಅನ್ನುತ್ತಾರೆ. ಹಾಗೆ ಲೆಕ್ಕ ಇಲ್ಲ. ಕಟೋರಿ ಬ್ಲೌಸು ಕತ್ತರಿಸುವಾಗ ಮೊದಲು ಬುಡದ ಅಗಲ, ಆಮೇಲೆ ಉಬ್ಬು. ಇಲ್ಲಿಯೂ ಹಾಗೇ. ನಿಮ್ಮ ಎದೆಯ ಬುಡ ಹನ್ನೆರಡು ಸೆಂಟಿಮೀಟರ್ ಅಗಲವಿದ್ದರೆ ಅದಕ್ಕಿಂತ ಅಗಲದ ಚೀಲ ಕಂಕುಳಿಗೆ ಚುಚ್ಚುತ್ತದೆ. ಅಗಲ ನಿಗದಿಯಾದ ಮೇಲೆ ಅದೇ ಅಗಲದಲ್ಲಿ ಕಡಿಮೆ ಉಬ್ಬಿನದು, ನಡು ಉಬ್ಬಿನದು, ಹೆಚ್ಚು ಉಬ್ಬಿನದು ಅಂತ ಆರಿಸುತ್ತಾರೆ. ಪ್ರೊಫೈಲು ಅನ್ನುವುದು ಇದನ್ನೇ. ಹೀಗಾಗಿ ಪಕ್ಕದ ಮನೆಯವಳ 300 ನಿಮಗೆ 300ರಂತೆ ಕಾಣುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಂಎಲ್ ಗೆರೆ ಇರುವ ಲೋಟದಲ್ಲಿ 250, 300, 350 ಅಕ್ಕಿ ಅಳೆದು ತೆಳು ಚೀಲಗಳಿಗೆ ತುಂಬಿ, ಗಂಟು ಹಾಕಿ, ಬ್ರಾ ಒಳಗಿಟ್ಟು ದಿನವಿಡೀ ಓಡಾಡಿ. ಮೆಟ್ಟಿಲು ಹತ್ತಿ, ಬಾಗಿ ಕಸ ಗುಡಿಸಿ. ಅಕ್ಕಿ ನೀರಿಗಿಂತ ಹಗುರ, ನಿಜವಾದದ್ದು ಇನ್ನೂ ಸ್ವಲ್ಪ ಭಾರ ಇರುತ್ತದೆ ಅನ್ನುವುದು ನೆನಪಿರಲಿ. 400 ಬೇಕು ಅಂತ ಬಂದ ಒಬ್ಬ ಹುಡುಗಿ ಸಂಜೆಗೆ ಚೀಲ ಬಿಚ್ಚಿ ಅನ್ನ ಮಾಡಿಕೊಂಡಳು.

ಸಲೈನಿನ ದೊಡ್ಡ ದೂರು ಅಂದರೆ ಸುಕ್ಕು. ತೆಳ್ಳಗಿನವರಿಗೆ, ಸ್ತನದ ಸ್ವಂತ ಕೊಬ್ಬು ಉಳಿಯದವರಿಗೆ ಚರ್ಮದ ಮೇಲೇ ಅಲೆ ಕಾಣುತ್ತದೆ, ಬಾಗಿದಾಗ ಇನ್ನೂ ಹೆಚ್ಚು. ಆದ್ದರಿಂದ ಹೆಚ್ಚಾಗಿ ಎದೆಯ ಸ್ನಾಯುವಿನ ಕೆಳಗೆ ಇಡುತ್ತಾರೆ. ಸ್ನಾಯು ಮೇಲೊಂದು ಲೈನಿಂಗ್ ಬಟ್ಟೆಯಂತೆ ಮುಚ್ಚುತ್ತದೆ. ಆದರೆ ಆ ಲೈನಿಂಗಿಗೆ ಜೀವ ಇದೆ. ದಪ್ಪ ಬಟ್ಟೆಗೆ ಕತ್ತರಿ ಒತ್ತಿ ಹಾಕಿದಾಗ ನನ್ನ ಎಡ ಎದೆ ಮೇಲಕ್ಕೆ ಎಗರುತ್ತದೆ. ಮೊದಲ ಸಲ ನೋಡಿ ಅಂಗಡಿಯ ಹುಡುಗಿ ಹೆದರಿದ್ದಳು, ಈಗ ಅವಳಿಗೆ ನಗು. ತೋಳಿನ ಕೆಲಸ ಮಾಡುವವರು, ಹಿಟ್ಟು ನಾದುವವರು, ತೋಟದವರು ಇದನ್ನು ಮೊದಲೇ ಕೇಳಿಕೊಳ್ಳಿ.

ಕೊಯ್ತ ಸ್ತನದ ಕೆಳಗಿನ ಮಡಿಕೆಯಲ್ಲಿ, ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಅಥವಾ ಕಂಕುಳಲ್ಲಿ. ಹೊಕ್ಕುಳಿಂದ ಹಾಕುವುದೂ ಉಂಟು, ಅದು ಖಾಲಿ ಹೋಗುವ ಸಲೈನಿಗೆ ಮಾತ್ರ ಸಾಧ್ಯ. ಸ್ತನ ತೆಗೆಸಿದವರಿಗೆ ಹಳೆಯ ಗಾಯದ ಗೆರೆಯೇ ಬಾಗಿಲು.

ಹೊರಮೈ ವಿಷಯದಲ್ಲಿ ಮಾತ್ರ ರಾಜಿ ಬೇಡ. ನುಣುಪಿನದು, ಒರಟಿನದು ಅಂತ ಎರಡಿವೆ. ಒರಟು ಮೈಯ ಇಂಪ್ಲಾಂಟಿನ ಸುತ್ತ ಕಟ್ಟಿಕೊಳ್ಳುವ ಪೊರೆಯಲ್ಲಿ ಲಿಂಫೋಮಾ ಅನ್ನುವ ಅಪರೂಪದ ಒಂದು ಕ್ಯಾನ್ಸರ್ ಬರುವುದು ಗೊತ್ತಾಗಿ, 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಬಗೆಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಒಳಗೆ ಜೆಲ್ಲೋ ನೀರೋ ಅನ್ನುವ ಪ್ರಶ್ನೆಯಲ್ಲ ಇದು, ಚೀಲದ ಮೈಯದು. ನಾನು ನುಣುಪಿನದೇ ಬೇಕು ಅಂದೆ. ಒರಟಿನದನ್ನು ಮೊದಲೇ ಹಾಕಿಸಿಕೊಂಡವರು ತೊಂದರೆ ಇಲ್ಲದಿದ್ದರೆ ಗಾಬರಿಬಿದ್ದು ತೆಗೆಸಬೇಕಿಲ್ಲ ಅಂತಲೇ ಎಫ್‌ಡಿಎ ಹೇಳಿತ್ತು. ಆದರೆ ವರ್ಷಗಳ ಮೇಲೆ ಒಂದು ಕಡೆ ಊದಿದರೆ, ಗಂಟು ಸಿಕ್ಕರೆ, ಅದೇ ವಾರ ತೋರಿಸಿ.

ಆ ಪೊರೆ ಎಲ್ಲರಿಗೂ ಕಟ್ಟುತ್ತದೆ, ಮೈ ತನ್ನದಲ್ಲದ್ದನ್ನು ಹಾಗೆ ಸುತ್ತಿಡುತ್ತದೆ. ಕೆಲವರಲ್ಲಿ ಅದು ಬಿಗಿದು ಸ್ತನ ಕಲ್ಲಾಗುತ್ತದೆ, ನೋಯುತ್ತದೆ. ರೇಡಿಯೇಷನ್ ಆದವರಿಗೆ ಈ ಅಪಾಯ ಹೆಚ್ಚು. ನಿಮಗೆ ರೇಡಿಯೇಷನ್ ಇದೆ ಅಂತಾದರೆ ಇಂಪ್ಲಾಂಟಿನ ಬಗ್ಗೆ ಕೇಳುವುದರ ಜೊತೆಗೆ ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸ ತಂದು ಕಟ್ಟುವ ಆಪರೇಷನ್ನಿನ ಬಗ್ಗೆಯೂ ವಿಚಾರಿಸಿ. ಅದು ಹೆಚ್ಚು ಹೊತ್ತಿನದು, ಗಾಯ ಎರಡು ಕಡೆ, ಆದರೆ ಬರೀ ಸ್ವಂತ ಮಾಂಸದಲ್ಲೇ ಆದರೆ ಸೋರುವ ಮಾತಿಲ್ಲ.

ನನಗೆ ರೇಡಿಯೇಷನ್ ಬೇಕಾಗಲಿಲ್ಲ. ಸ್ತನ ತೆಗೆದ ದಿನವೇ ಎಕ್ಸ್‌ಪಾಂಡರ್ ಅನ್ನುವ, ಚರ್ಮ ಹಿಗ್ಗಿಸುವ ತಾತ್ಕಾಲಿಕ ಚೀಲ ಇಟ್ಟರು. ಅದಕ್ಕೂ ಸಲೈನೇ. ಗಾಯ ಒಣಗಿದ ಮೇಲೆ ಹದಿನೈದು ದಿನಕ್ಕೊಮ್ಮೆ ರಾತ್ರಿ ರೈಲು ಹತ್ತಿ ಬೆಂಗಳೂರು. ಒಳಗಿನ ಗುಂಡಿಯನ್ನು ಅಯಸ್ಕಾಂತದ ಕಡ್ಡಿ ತೂಗಿಬಿಟ್ಟು ಹುಡುಕಿ, ಸೂಜಿ ಚುಚ್ಚಿ ಅರವತ್ತು ಎಂಎಲ್. ಚರ್ಮ ಮರಗಟ್ಟಿದ್ದರಿಂದ ಚುಚ್ಚಿದ್ದು ತಿಳಿಯುತ್ತಿರಲಿಲ್ಲ. ಆ ರಾತ್ರಿ ಮಾತ್ರ ಎದೆಗೆ ಹಗ್ಗ ಬಿಗಿದಂತೆ. ಬ್ಲೌಸಿನ ಎಡಗಡೆ ಎರಡು ಇಂಚು ಬಟ್ಟೆ ಒಳಗೆ ಬಿಟ್ಟು ಹೊಲಿದುಕೊಂಡಿದ್ದೆ, ಬೆಂಗಳೂರಿಂದ ಬಂದಾಗಲೆಲ್ಲ ಒಂದು ಹೊಲಿಗೆ ಬಿಚ್ಚುವುದು. ಐದು ಹೊಲಿಗೆ ಬಿಚ್ಚಿದ ಮೇಲೆ ಬಲಕ್ಕೆ ಸಮ ಬಂತು. ಇಂಥ ಅಯಸ್ಕಾಂತದ ಗುಂಡಿ ಒಳಗಿರುವವರೆಗೆ ಎಂಆರ್‌ಐ ಮಾಡಿಸಬಾರದು, ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಹೇಳಿ.

ಏನನ್ನೂ ಹಾಕಿಸಿಕೊಳ್ಳದೆ ಇರುವುದೂ ಒಂದು ಆಯ್ಕೆ. ಅದನ್ನು ಕೊನೆಯ ದಾರಿ ಅನ್ನುವಂತೆ ಹೇಳುವವರನ್ನು ಕಂಡರೆ ನನಗಾಗದು. ಹೊರಗೆ ಇಟ್ಟುಕೊಳ್ಳುವ ಸಿಲಿಕೋನ್ ಕಪ್ಪು ಸಿಗುತ್ತದೆ. ನಾನು ಹತ್ತಿ ಬಟ್ಟೆಯದು ಹೊಲಿದು, ತೂಕಕ್ಕೆ ಸಾಸಿವೆ ತುಂಬಿ, ಬ್ರಾ ಒಳಗೆ ಜೇಬು ಇಟ್ಟು ಕೊಡುತ್ತೇನೆ. ಒಗೆಯುವಾಗ ಸಾಸಿವೆ ತೆಗೆಯಿರಿ, ಮೊಳಕೆ ಬರುತ್ತದೆ. ಒಬ್ಬರಿಗೆ ಬಂದಿತ್ತು.

ಅಂದಕ್ಕಾಗಿ ಕೇಳುವ ಹುಡುಗಿಯರಿಗೆ ನನ್ನ ಮಾತು ಸ್ವಲ್ಪ ಬಿರುಸು. ಅಮೆರಿಕದಲ್ಲಿ ಅಂದಕ್ಕಾಗಿ ಸಲೈನಿಗೆ 18, ಜೆಲ್ಲಿಗೆ 22 ವರ್ಷ ತುಂಬಿರಬೇಕು. ಮೈ ಬೆಳೆದು ನಿಲ್ಲಲಿ ಅಂತ. ಮುಂದೆ ಮಗುವಿಗೆ ಹಾಲು ಕಡಿಮೆಯಾಗಬಹುದು, ತೊಟ್ಟಿನ ಅಂಚಿನ ಕೊಯ್ತದಲ್ಲಿ ಈ ಸಾಧ್ಯತೆ ಹೆಚ್ಚು. ಬಸುರಿ ಬಾಣಂತನದಲ್ಲಿ ಆಕಾರವೇ ಬದಲಾಗುತ್ತದೆ. ಮ್ಯಾಮೊಗ್ರಾಮ್ ಮಾಡಿಸುವಾಗ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಬೇಕು, ಹೆಚ್ಚಿನ ಚಿತ್ರ ತೆಗೆಯುತ್ತಾರೆ. ಮೊದಲ ಆಪರೇಷನ್ನಿಗೆ ದುಡ್ಡು ಹೊಂದಿಸಿದರೆ ಸಾಲದು, ಬದಲಾಯಿಸುವ ಎರಡನೆಯದಕ್ಕೂ ಎತ್ತಿಡಿ. ಮದುವೆಯ ಒಂದು ದಿನಕ್ಕಾಗಿ ಅಂದರೆ, ಇನ್ನೂರು ರೂಪಾಯಿ ಒಳಗೆ ಒಳ್ಳೆ ಕಪ್ಪು ಹಾಕಿ ಹೊಲಿದುಕೊಡುತ್ತೇನೆ. ಎಲ್ಲ ತಿಳಿದೂ ಬೇಕು ಅನ್ನುವವಳಿಗೆ, ಆಯಿತಮ್ಮ, ನಿನ್ನ ಮೈ, ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗು, ಬ್ಯೂಟಿ ಕ್ಲಿನಿಕ್ಕಿಗೆ ಬೇಡ ಅನ್ನುತ್ತೇನೆ.

ಇನ್ಶೂರೆನ್ಸಿನ ಮಾತು. 2023ರಲ್ಲಿ ನನ್ನ ಕ್ಲೇಮನ್ನು "ಕಾಸ್ಮೆಟಿಕ್" ಅಂತ ಬರೆದು ವಾಪಸ್ಸು ಕಳಿಸಿದ್ದರು. ಮೈದುನನ ಮಗ ಪಾಲಿಸಿ ಪುಸ್ತಕ ತೆಗೆದು ಓದಿದ. ಐಆರ್‌ಡಿಎಐ, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ, 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾಡಿದ, ಹಣ ಕೊಡದ ವಿಷಯಗಳ ಪಟ್ಟಿಯಲ್ಲಿ ಎಂಟನೆಯದು ಇದು: ಅಂದದ ಸರ್ಜರಿಗೆ ಹಣ ಇಲ್ಲ, ಆದರೆ ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲಿನ ಪುನರ್ನಿರ್ಮಾಣಕ್ಕೆ ಈ ತಡೆ ಅನ್ವಯಿಸುವುದಿಲ್ಲ. 2015ರ ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ ಪತ್ರ ಲಗತ್ತಿಸಿ ಮತ್ತೆ ಬರೆದೆವು. ಎರಡು ತಿಂಗಳಿಗೆ ಹಣ ಬಂತು, ಪೂರ್ತಿ ಅಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಕ್ಯಾನ್ಸರ್ ನಂತರದ ಪುನರ್ನಿರ್ಮಾಣ" ಅಂತ ಸ್ಪಷ್ಟವಾಗಿ ಬರೆಸಿಕೊಂಡೇ ಆಸ್ಪತ್ರೆ ಬಿಡಿ.

ಮನೆಗೆ ಬಂದ ಮೇಲಿನ ದಿನಗಳಲ್ಲಿ ಡ್ರೈನು, ಅಂದರೆ ಗಾಯದ ನೀರು ಹೊರಬಿಡುವ ಟ್ಯೂಬು, ಇದ್ದರೆ ದಿನಾ ಎಷ್ಟು ಎಂಎಲ್ ಬಂತು ಅಂತ ಬರೆದಿಡಿ, ಅದನ್ನು ನೋಡಿಯೇ ಟ್ಯೂಬು ತೆಗೆಯುತ್ತಾರೆ. ಜ್ವರ ಬಂದರೆ, ಚರ್ಮ ಕೆಂಪಾಗಿ ಬಿಸಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಸುಮಾರು ಆರು ವಾರ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬಾರದು. ಮೊದಲ ದಿನಗಳಲ್ಲಿ ಒಳಗೆ ಗುಳಗುಳ ಸದ್ದು ಕೇಳಿದರೆ ಅದು ಉಳಿದ ಗಾಳಿ, ತಾನೇ ಹೋಗುತ್ತದೆ. ಚಳಿಗಾಲದ ಬೆಳಗ್ಗೆ ಆ ಜಾಗ ತಣ್ಣಗಿರುತ್ತದೆ, ಹಾಗಂತ ಬಿಸಿನೀರಿನ ಚೀಲ ಒತ್ತಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ನನಗೆ ಇಸ್ತ್ರಿಪೆಟ್ಟಿಗೆ ಒಮ್ಮೆ ಹಾಗೆ ತಾಗಿ, ರಾತ್ರಿ ಬ್ಲೌಸು ಬಿಚ್ಚುವಾಗ ಬೊಬ್ಬೆ ಕಂಡಿತು. ಇನ್ನು ನಮ್ಮ ಕಸುಬಿನವರ ಒಂದು ಕೆಟ್ಟ ಚಟ ಇದೆಯಲ್ಲ, ಕೆಲಸದ ನಡುವೆ ಸೂಜಿ, ಗುಂಡುಪಿನ್ನು ಎದೆಯ ಮೇಲೆ ಬ್ಲೌಸಿಗೇ ಚುಚ್ಚಿಕೊಳ್ಳುವುದು. ಡಾಕ್ಟರು ನನ್ನ ಕಸುಬು ಕೇಳಿದವರೇ ನನ್ನ ಬ್ಲೌಸು ನೋಡಿ, "ಮೊದಲು ಅವನ್ನ ತೆಗೀರಿ" ಅಂದರು. ಈಗ ಎಡಗೈಗೆ ಒಂದು ಪಿನ್ ದಿಂಬು ಕಟ್ಟಿಕೊಳ್ಳುತ್ತೇನೆ.

ವಯಸ್ಸಾದಂತೆ ಇಂಪ್ಲಾಂಟು ಇಳಿಯುವುದಿಲ್ಲ ಅನ್ನುವುದನ್ನೂ ಯಾರೂ ಹೇಳಿರಲಿಲ್ಲ. ಬಲಗಡೆಯದು ನನ್ನ ಜೊತೆ ಐವತ್ತನಾಲ್ಕನೇ ವಯಸ್ಸಿಗೆ ಇಳಿದಿದೆ, ಎಡಗಡೆಯದು ನಿಂತಲ್ಲೇ ನಿಂತಿದೆ. ಬೇಕಾದರೆ ಬಲವನ್ನೂ ಎತ್ತಿ ಕಟ್ಟುವ ಆಪರೇಷನ್ ಮಾಡುತ್ತೇವೆ ಅಂದರು. ನಾನು ಎಡ ಟಕ್ಸನ್ನು ಅರ್ಧ ಇಂಚು ಮೇಲೆ ಹಿಡಿಯುತ್ತೇನೆ, ಸಾಕು.

ಎರಡನೇ ಸಲ ಡಾಕ್ಟರು ಮತ್ತೆ ಕೇಳಿದರು, "ಈ ಸಲ ಜೆಲ್ ಹಾಕೋಣ್ವಾ ಅಮ್ಮ? ಸುಕ್ಕು ಕಡಿಮೆ." ಒಂದು ರಾತ್ರಿ ಯೋಚಿಸಿದೆ. ಸೋಮವಾರ ಸಡಿಲಾದದ್ದು ಬುಧವಾರಕ್ಕೆ ನನಗೇ ಖಾತ್ರಿಯಾಗಿತ್ತಲ್ಲ, ಯಾರ ಸ್ಕ್ಯಾನೂ ಬೇಕಾಗಿರಲಿಲ್ಲ. ನೀರಿನದ್ದೇ ಹಾಕಿ ಅಂದೆ.

ಆಪರೇಷನ್ ಆದ ಮೇಲೆ ಇಂಪ್ಲಾಂಟ್ ಕಾರ್ಡು ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಕಂಪನಿ, ಮಾಡೆಲ್ಲು, ಲಾಟ್ ನಂಬರು, ನುಣುಪೋ ಒರಟೋ, ತುಂಬಿದ ಪ್ರಮಾಣ, ತಾರೀಖು ಎಲ್ಲ ಅದರಲ್ಲಿರಬೇಕು. ಮುಂದೆ ಯಾವುದಾದರೂ ಬಗೆಯನ್ನು ಹಿಂತೆಗೆದುಕೊಂಡರೆ ನಿಮ್ಮದು ಅದೇನಾ ಅಂತ ಗೊತ್ತಾಗುವುದು ಆ ಕಾರ್ಡಿನಿಂದಲೇ. ಮೊದಲನೇ ಸಲದ ಕಾರ್ಡು ನಾನು ಕಳೆದುಕೊಂಡಿದ್ದೆ, ಆಸ್ಪತ್ರೆಯ ಹಳೇ ಫೈಲು ಹುಡುಕಿಸಲು ಎರಡು ದಿನ ಅಲೆದೆ. ಈ ಸಲ ಕಾರ್ಡನ್ನು ಬೀರುವಿನಲ್ಲಿಟ್ಟು, ಅದರಲ್ಲಿದ್ದದ್ದನ್ನು ಅಂಗಡಿಯ ಅಳತೆ ಪುಸ್ತಕದಲ್ಲೂ ಬರೆದೆ. ನನ್ನ ಹೆಸರಿನ ಪುಟದಲ್ಲಿ, ಭುಜ, ತೋಳು, ಸುತ್ತಳತೆಯ ಕೆಳಗೆ: ಎಡ, 320 ಎಂಎಲ್.